ಹನ್ನೊಂದು ಎಲೆಯ ಮನೆ

ಮೊನ್ನೆ ನಮ್ಮ ಸೊಸೆಗೆ ಉಪ್ಪಿನಕಾಯಿ ಭರಣಿಯ ಬಾಯಿ ಕಟ್ಟಲು ದಾರ ಬೇಕಾಯಿತು. ಮನೆಯಲ್ಲಿ ದಾರಕ್ಕೇನು ಬರವೆ? ಆದರೆ ಆಕೆ ಹೋಗಿ ಹೋಗಿ ನನ್ನ ಟ್ರಂಕಿಗೇ ಕೈ ಹಾಕಿ, ಹಳೆಯ ಸುತಳಿಯೊಂದನ್ನು ಎಳೆದು ತಂದು, ಅದರಲ್ಲಿದ್ದ ಗಂಟನ್ನು ಉಗುರಿನಿಂದ ಬಿಚ್ಚುತ್ತ ಕೂತಿದ್ದಳು. ಪಡಸಾಲೆಯಲ್ಲಿದ್ದ ನಾನು ಅದನ್ನು ಕಂಡವನೇ ಪಂಚೆ ಎತ್ತಿಕೊಂಡು ಓಡಿದೆ.

“ಮುಟ್ಟಬ್ಯಾಡ! ಆ ಗಂಟು ಬಿಚ್ಚಿದ್ರ ನೋಡು ಮತ್ತ!”

ಹುಡುಗಿ ಬೆದರಿ ಸುತಳಿಯನ್ನು ಕೆಳಗಿಟ್ಟಳು. ಆಮೇಲೆ ಸುಧಾರಿಸಿಕೊಂಡು, “ಒಂದು ಸುತಳಿ ಸಲುವಾಗಿ ಇಷ್ಟು ಸಿಟ್ಟೇನ್ರಿ, ಮಾವನವರ?” ಎಂದಳು. ಅಷ್ಟಕ್ಕೇ ಬಿಟ್ಟಳೆ? “ಹೆಂಗೂ ಬಂದೀರಿ, ಕೇಳತೇನಿ. ಈ ಅಡಗಿಮನಿ ಕಿಟಕಿ ಅಷ್ಟು ಮ್ಯಾಲೆ ಇಟ್ಟ ಶಾಣ್ಯಾ ಯಾರ್ರಿ? ಧೂಳ ಒರಸಬೇಕಂದ್ರ ಮಣಿ ಇಟ್ಟು ಹತ್ತಬೇಕು.”

ನೋಡಿ, ಒಂದೇ ಉಸಿರಿನಲ್ಲಿ ಸುತಳಿಯನ್ನೂ ಕೆಣಕಿದಳು, ಕಿಟಕಿಯನ್ನೂ ಕೆಣಕಿದಳು. ಎರಡೂ ಒಂದೇ ಕಥೆ ಎಂಬುದು ಪಾಪ ಆಕೆಗೇನು ಗೊತ್ತು? ನಿನ್ನೆ ಮೊನ್ನೆ ಗುಡೂರಿನಿಂದ ನಮ್ಮ ಮನೆ ಸೇರಿದವಳು.

ನನಗೆ ಸಿಟ್ಟು ಬರಲು ಕಾರಣವೇ ಬೇಕಿಲ್ಲ ಎಂದು ನನ್ನ ಹೆಂಡತಿ ಊರಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ. ಅದು ಸುಳ್ಳು. ಕಾರಣ ಯಾವಾಗಲೂ ಇರುತ್ತದೆ. ಆಕೆಗೆ ಕಾಣುವುದಿಲ್ಲ, ಅಷ್ಟೆ. ಈ ಮನೆ ಕಟ್ಟಿಸಿದ ವರ್ಷವಂತೂ ಕಾರಣಗಳ ಸುಗ್ಗಿ. ಅದರಲ್ಲೂ ಕಟ್ಟುವ ಮೊದಲು, ನಕಾಶೆ ತೆಗೆಯುವವನನ್ನು ಗೊತ್ತು ಮಾಡಲು ನಾನು ನಡೆಸಿದ ಸಿದ್ಧತೆ ಇತ್ತಲ್ಲ, ಅದರಲ್ಲಿ ನನ್ನ ಮೈಯ ರಕ್ತವೆಲ್ಲ ತಲೆಗೇರಿತ್ತು.

ಬಾದಾಮಿಯಲ್ಲಿ ನಮ್ಮ ಹಳೆಯ ಮನೆಯನ್ನು ನೀವು ನೋಡಿಲ್ಲ. ನೋಡಿದ್ದರೂ ಅದರ ಅಡಿಗೆಮನೆ ನಿಮಗೆ ಕಾಣುತ್ತಿರಲಿಲ್ಲ. ಪಡಸಾಲೆ, ನಡುಮನೆ, ದೇವರ ಕೋಣೆ ಎಲ್ಲ ದಾಟಿ, ಎಡಕ್ಕೆ ತಿರುಗಿ, ತಲೆ ತಗ್ಗಿಸಿ ಒಳಹೊಕ್ಕರೆ ಕತ್ತಲು. ಕೆಂಪು ಕಲ್ಲಿನ ಗೋಡೆ ಹೊಗೆ ಹಿಡಿದು ಕಪ್ಪಾಗಿತ್ತು. ಮಣ್ಣಿನ ಮಾಳಿಗೆಯಲ್ಲಿ ಒಂದು ಬೆಳಕಿಂಡಿ. ಮಳೆ ಬಂದರೆ ಅದರ ಮೇಲೂ ಒಡಕು ಗಡಿಗೆ ಕವುಚುವರು. ಬಿಸಿಲಿದ್ದಾಗ ಅಲ್ಲಿಂದ ಒಂದು ರೊಟ್ಟಿಯಗಲದ ಬೆಳಕು ಇಳಿದು ಗೋಡೆಯ ಮೇಲೆ ಮೆಲ್ಲಗೆ ಸರಿಯುತ್ತಿತ್ತು. ಅದು ಉಪ್ಪಿನ ಮರಿಗೆ ಮುಟ್ಟಿದರೆ ನನಗೆ ಸಾಲಿಗೆ ಹೊತ್ತಾಯಿತು ಎಂದು ಲೆಕ್ಕ. ನಾನು ಗೋಡೆಗೆ ಆತು ಕೂತು ಬಾಯಿ ತೆರೆದರೆ, ಹೊಗೆಯೊಳಗಿಂದ ಬಳೆಯಿಲ್ಲದ ಒಂದು ಕೈ ಮುಂದೆ ಬಂದು, ಬೆಣ್ಣೆ ಸವರಿದ ಬಿಸಿ ಜೋಳದ ಭಕ್ರಿಯನ್ನು ತಾಟಿಗೆ ಹಾಕಿ ಮತ್ತೆ ಹೊಗೆಯೊಳಗೆ ಹೋಗುತ್ತಿತ್ತು. ಆ ಕೈ ನಮ್ಮ ಗೋದತ್ತೆಯದು.

ಗೋದತ್ತೆ ಅಪ್ಪನ ಅಕ್ಕ. ಸಣ್ಣ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ನಮ್ಮವ್ವ ಸತ್ತಾಗ ನನಗೆ ನಾಲ್ಕು ವರ್ಷ, ತಮ್ಮನಿಗೆ ಒಂದು. ನಮ್ಮಿಬ್ಬರನ್ನೂ ಸಾಕಿದವಳು ಆಕೆಯೇ. ಬೆಳಿಗ್ಗೆ ಮಡಿಯುಟ್ಟು ಅಡಿಗೆಮನೆ ಹೊಕ್ಕರೆ ಹೊತ್ತು ಇಳಿದ ಮೇಲೆಯೇ ಹೊರಗೆ. ಬೀದಿಯ ಬಾಗಿಲಿಗೆ ಬಂದು ನಿಂತದ್ದನ್ನು ನಾನು ನೋಡಿದ್ದೇ ಇಲ್ಲ. ಬರಬಾರದು ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳುವ ಅಗತ್ಯವೇ ಇರಲಿಲ್ಲ, ನಮ್ಮ ಮನೆತನ ಅಷ್ಟು ಘನವಾದದ್ದು!

ಆಮೇಲೆ ಪ್ಲೇಗು ಬಂತು. ಇಲಿ ಸತ್ತು ಬಿದ್ದ ಕೂಡಲೇ ಊರಿಗೆ ಊರೇ ಹೊಲಗಳಿಗೆ ಹೊರಟಿತು. ನಾವೂ ಬನಶಂಕರಿ ದಾರಿಯಲ್ಲಿ ತಟ್ಟಿಯ ಗುಡಿಸಲು ಕಟ್ಟಿಕೊಂಡು ಕೂತೆವು. ಅತ್ತೆ ಬೇವಿನ ಮರದ ಕೆಳಗೆ ಮೂರು ಕಲ್ಲು ಹೂಡಿ ಒಲೆ ಮಾಡಿದಳು. ದಾರಿಯಲ್ಲಿ ಪಟ್ಟದಕಲ್ಲಿನ ಗಾಡಿಗಳು, ಕುರಿ ಹೊಡೆದುಕೊಂಡು ಹೋಗುವವರು, ತಲೆಯ ಮೇಲೆ ಸೀರೆ ಗಂಟು ಹೊತ್ತವರು. ಅತ್ತೆ ಸೌಟು ಹಿಡಿದುಕೊಂಡೇ ಎದ್ದು ನಿಂತು ನೋಡುವಳು. “ಆ ಎತ್ತು ಕುಂಟತದ ನೋಡೋ,” ಎನ್ನುವಳು. “ಆ ಹುಡುಗಿ ನಿನ್ನೆನೂ ಹೋದ್ಲು, ಇವತ್ತೂ ಹೊಂಟಾಳ, ತವರಿಗೆ ಹೊಂಟಾಳೇನೋ,” ಎನ್ನುವಳು. ಊರ ಮಂದಿಯೆಲ್ಲ ಜೀವ ಕೈಯಲ್ಲಿ ಹಿಡಿದು ಕೂತಿದ್ದಾಗ, ಗೋದತ್ತೆ ನಕ್ಕದ್ದನ್ನು ನಾನು ಮೊದಲ ಸಲ ಕೇಳಿದೆ. ಆಗ ನನಗೆ ಮೂವತ್ತು ದಾಟಿತ್ತು.

ಪ್ಲೇಗು ಇಳಿದು ಊರಿಗೆ ಮರಳಿದೆವು. ಆಕೆ ಅಡಿಗೆಮನೆಯ ಹೊಸ್ತಿಲಲ್ಲಿ ಸ್ವಲ್ಪ ಹೊತ್ತು ನಿಂತಳು. ತಲೆ ತಗ್ಗಿಸಿ ಒಳಗೆ ಹೋದಳು. ನಾನು ಹಿಂದೆಯೇ ಹೋಗಿ ಹೊಸ್ತಿಲ ಈಚೆ ನಿಂತೆ.

“ಅತ್ತಿ, ಹೊಸಾ ಮನಿ ಕಟ್ಟಸತೇನಿ. ನಿನಗ ಛಲೋ ಅಡಗಿಮನಿ ಮಾಡಸತೇನಿ,” ಎಂದೆ.

“ಕಟ್ಟಸಪಾ,” ಎಂದಳು ಒಳಗಿಂದ.

ಇದಿಷ್ಟೂ ಖರೆ. ಈ ಮನೆ ಹುಟ್ಟಿದ್ದು ಆ ಮಾತಿನಿಂದ. ಮುಂದೆ ನಾನು ಮಾಡಿದ ಕೆಲಸ ಕೇಳುವಾಗ ಇದನ್ನು ಮರೆಯಬೇಡಿ. ನಾನಂತೂ ಮರೆತಿದ್ದೆ.

ಮನೆ ಎಂದರೆ ಗೌಂಡಿಯನ್ನು ಕರೆಸುವುದು, ಅವನು ಕೋಲಿನಿಂದ ನೆಲದ ಮೇಲೆ ಗೆರೆ ಎಳೆಯುವುದು, ಕಟ್ಟಲು ಶುರು ಮಾಡುವುದು. ನಮ್ಮ ಕಡೆಯ ಪದ್ಧತಿ ಇಷ್ಟೇ. ಆದರೆ ನಾನು ಸಾಲಿ ಮಾಸ್ತರ. ನೆಲದ ಮೇಲಿನ ಗೆರೆ ನನ್ನ ಘನತೆಗೆ ಸಾಲದು. ಬಾಗಲಕೋಟೆಯ ವಕೀಲರೊಬ್ಬರು ನಕಾಶೆ ತೆಗೆಸಿ ಮನೆ ಕಟ್ಟಿಸಿದ್ದರು. ಆ ನಕಾಶೆಗೆ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದ್ದರು. ನನಗೂ ಒಂದು ಬೇಕಾಯಿತು.

ನಕಾಶೆ ತೆಗೆಯುವವರು ಯಾರು ಒಳ್ಳೆಯವರು ಎಂದು ತಿಳಿಯಲು, ಅವರು ಕಟ್ಟಿಸಿದ ಮನೆಗಳನ್ನೇ ನೋಡಿ ಬರಬೇಕೆಂದು ಹೊರಟೆ. ಹುನಗುಂದದಲ್ಲಿ ದೊಡ್ಡ ಒಕ್ಕಲಿಗರೊಬ್ಬರ ಮಹಡಿ ಮನೆ. ಯಜಮಾನರು ನನ್ನನ್ನು ಅಂಗಳದಲ್ಲೇ ಕೂಡಿಸಿದರು. ಅಂಗಳದ ನಡುವೆ, ಬಿಸಿಲಲ್ಲಿ, ನಾಲ್ಕು ಗಿಳಿ ಕೆತ್ತಿದ ಸಾಗವಾನಿ ಮಂಚ.

“ಇದು ಇಲ್ಲ್ಯಾಕ ಅದ?” ಎಂದೆ.

“ಮಗನ ಲಗ್ನದ ಮಂಚ್ರಿ. ಪ್ಯಾಟಿ ಇಂಜನೇರ ಹಾಕಿಕೊಟ್ಟ ಪಾವಟಿಗಿ ಮ್ಯಾಲೆ ಮಂಚ ಹತ್ತವಲ್ದು. ಮಗಾ ಸೊಸಿ ಮ್ಯಾಲೆ ಚಾಪಿ ಮ್ಯಾಲ ಮಲಗತಾರ. ಮಂಚ ಇಲ್ಲಿ ಮಲಗತೈತಿ,” ಎಂದರು ಅವರು ತಣ್ಣಗೆ.

ಅವರಿಗೆ ಬಾರದ ಸಿಟ್ಟು ನನಗೆ ಬಂತು. ಮೆಟ್ಟಿಲು ಹಾಕುವ ಮೊದಲು ಮಂಚ ಎಷ್ಟು ಅಗಲ ಎಂದು ಕೇಳಬಾರದೆ? ಅಲ್ಲಿಂದ ಇಳಕಲ್ಲಿನವರೆಗೂ ಗಾಡಿಯಲ್ಲಿ ಒಬ್ಬನೇ ಬೈಯುತ್ತ ಹೋದೆ. ಎತ್ತುಗಳು ತಮಗೇ ಬೈದೆನೆಂದು ತಿಳಿದು ಜೋರಾಗಿ ನಡೆದವು, ಅದೊಂದು ಲಾಭ.

ಇಳಕಲ್ಲಿನ ಸೀರೆ ವ್ಯಾಪಾರಿಯ ಮನೆ ಮಾತ್ರ ಬೇರೆಯೇ ಆಗಿತ್ತು. “ಗಾದಿ ಮ್ಯಾಲ ಕೂತಲ್ಲೇ ಬೆಳಕ ಬೀಳತೈತ್ರಿ,” ಎಂದರು ಅವರು. “ಸೀರಿ ಬಣ್ಣ ನೋಡಾಕ ಗಿರಾಕಿ ಕರಕೊಂಡು ಅಂಗಳಕ್ಕ ಹೋಗೂದು ತಪ್ಪೇತಿ. ಇಮಾಮಸಾಹೇಬ್ರ ಕೆಲಸ ಅದು. ಬಾಗಲಕೋಟ್ಯಾಗ ಇರತಾರ, ಓವರ್‌ಸಿಯರ್ ಆಗಿ ನಿವೃತ್ತಿ ಆಗ್ಯಾರ. ಆದ್ರ ಮನಶ್ಯಾ ಸ್ವಲ್ಪ ಖಾರ, ಮೊದಲ ಹೇಳಿರತೇನಿ.”

ಖಾರಕ್ಕೆ ನಾನು ಅಂಜುವವನೆ? ಊರಿಗೆ ಬಂದವನೇ ಇಮಾಮಸಾಹೇಬರನ್ನು ಪರೀಕ್ಷಿಸಲು ಪ್ರಶ್ನೆಗಳನ್ನು ಬರೆಯತೊಡಗಿದೆ. ಪಾಯ ಎಷ್ಟು ಆಳ ತೋಡಿಸುವಿರಿ? ಸುಣ್ಣ ಎಷ್ಟು ದಿನ ಕೊಳೆಸುವಿರಿ? ಮಂಚದ ವಿಚಾರ ಏನು? ಮುಲ್ಕಿ ಪರೀಕ್ಷೆಯ ಹುಡುಗರಿಗೂ ನಾನು ಅಂಥ ಪ್ರಶ್ನೆಪತ್ರಿಕೆ ತೆಗೆದಿರಲಿಲ್ಲ. ಕೆಲಸದ ವಿಷಯ ತಿಳಿಸಿ, ಬಂದು ಕಾಣಿರೆಂದು ಒಂದು ಕಾರ್ಡು ಹಾಕಿದೆ.

ಉತ್ತರ ಬಂತು. ನಾಲ್ಕೇ ಸಾಲು. ‘ಮನೆಯಲ್ಲಿ ಎಷ್ಟು ಜನ? ಯಾರು ಯಾವ ಹೊತ್ತಿಗೆ ಎಲ್ಲಿ ಕೂಡುತ್ತಾರೆ, ಏನು ಮಾಡುತ್ತಾರೆ? ಬಿಡದೆ ಬರೆದಿಡಿರಿ. ಬಂದು ಓದಿ, ತಮ್ಮ ಕೆಲಸ ಹಿಡಿಯಬೇಕೋ ಬೇಡವೋ ಹೇಳುತ್ತೇನೆ.’

ಹೇಳುತ್ತಾನಂತೆ! ನೀವೇ ಹೇಳಿ, ಗೊತ್ತು ಮಾಡುವವನು ನಾನೋ ಅವನೋ? ನಮ್ಮ ಮನೆಯಲ್ಲಿ ಯಾರು ಎಲ್ಲಿ ಕೂತರೆ ಈ ಮನುಷ್ಯನಿಗೇನು? ಕಾರ್ಡನ್ನು ಎಲ್ಲರಿಗೂ ಓದಿ ತೋರಿಸಿದೆ. ಓದಿದ ಪ್ರತಿ ಸಲವೂ ಹೊಸದಾಗಿ ಸಿಟ್ಟು ಬಂತು. ಅಪ್ಪನಿಗೂ ಬಂತು. ನಮ್ಮ ಮನೆಯಲ್ಲಿ ಅದು ಹೊಲಕ್ಕಿಂತ ಖಾತ್ರಿಯಾಗಿ ಅಪ್ಪನಿಂದ ಮಗನಿಗೆ ಬರುವ ಆಸ್ತಿ. ಕೊನೆಗೆ ನನ್ನ ಹೆಂಡತಿ, “ಬೈಯೂದು ಆಗಿದ್ರ ಬರೀರಿ,” ಎಂದಳು. ಬರೆದೆ. ಅವನಿಗೆ ನಾಚಿಕೆಯಾಗಬೇಕು, ಅಷ್ಟು ವಿವರವಾಗಿ ಬರೆದೆ.

ಮೊದಲನೆಯ ಸಾಲು: ‘ಮನೆಯಲ್ಲಿ ಹನ್ನೊಂದು ಎಲೆ.’ ನಮ್ಮ ಕಡೆ ಹಾಗೇ ಎಣಿಸುವುದು. ಊಟಕ್ಕೆ ಹೇಳಲು ಬಂದವರು ‘ನಿಮ್ಮಲ್ಲಿ ಎಷ್ಟು ಎಲಿ?’ ಎಂದೇ ಕೇಳುತ್ತಾರೆ. ಅಪ್ಪ, ನಾನು, ನನ್ನ ಹೆಂಡತಿ, ತಮ್ಮ, ಅವನ ಹೆಂಡತಿ, ನಮ್ಮ ನಾಲ್ಕು ಮಕ್ಕಳು, ಅವನ ಎರಡು. ಅಪ್ಪನಿಗೆ ಬೀದಿಗೆ ಮುಖ ಮಾಡಿದ ಕಟ್ಟೆ ಬೇಕು, ಹೋಗಿಬರುವವರ ಜೊತೆ ವಾದ ಹಾಕಲು. ಹೆಂಡತಿಗೆ ಬೀಗ ಹಾಕಿಕೊಳ್ಳುವಂಥ ಒಂದು ಕೋಣೆ. ತಮ್ಮನಿಗೆ ಮಹಡಿ. ನನಗೆ ಗಾಜಿನ ಕಿಟಕಿಯ ಓದುವ ಕೋಣೆ. ನಾನೇನು ಓದುತ್ತಿದ್ದೆ ಎಂದು ಕೇಳಬೇಡಿ. ಆಕಳಿಗೂ ಕರುವಿಗೂ ಕಟ್ಟಿಹಾಕಲು ಗಾಳಿಯಾಡುವ ದಂದಕ್ಕಿ. ಎಲ್ಲ ಮುಗಿದ ಮೇಲೆ ಕೊನೆಗೆ, ‘ಹಿಂದುಗಡೆ ಒಂದು ಅಡಿಗೆಮನೆ.’

ಇಮಾಮಸಾಹೇಬರು ಒಂದು ಆದಿತ್ಯವಾರ ರೈಲಿನಿಂದ ಇಳಿದು ಬಂದರು. ಬಿಳಿ ಗಡ್ಡ, ಕಂಕುಳಲ್ಲಿ ಕೊಡೆ, ಕೈಚೀಲದಲ್ಲಿ ಫೂಟುಪಟ್ಟಿ, ಸುತಳಿ ಉಂಡೆ. ಪಡಸಾಲೆಯ ಅಂಚಿನಲ್ಲಿ ಕೂತು ಕೊಟ್ಟ ನೀರು ಕುಡಿದು, “ಬರದೀರೇನ್ರಿ?” ಎಂದು ಕೈ ಚಾಚಿದರು. ನನ್ನ ಪ್ರಶ್ನೆಪತ್ರಿಕೆ ಜೇಬಿನಲ್ಲೇ ಉಳಿಯಿತು.

ಅವರು ನಿಧಾನವಾಗಿ ಓದಿದರು. ಒಳಗಿಂದ ಪಟ ಪಟ ಎಂದು ಭಕ್ರಿ ಬಡಿಯುವ ಸಪ್ಪಳ ಬರುತ್ತಿತ್ತು.

“ಹನ್ನೊಂದು. ಬರೋಬ್ಬರಿ ಎಣಿಸೀರೇನು, ಮಾಸ್ತರ?”

“ಎಣಿಸೂದು ಕಲಿಸೂದ ನನ್ನ ಕೆಲಸರಿ!”

“ಇದರಾಗ ಆಕಳ ಬಂದೇತಿ, ಕರಾ ಬಂದೇತಿ.” ಕಾಗದ ತಿರುಗಿಸಿ ಹಿಂದೆಯೂ ನೋಡಿದರು. “ಮತ್ತ ಒಳಗ ಭಕ್ರಿ ಬಡ್ಯಾಕತ್ತಾರಲ್ಲ, ಅವರು ಯಾರು?”

“ನಮ್ಮ ಅತ್ತಿ.”

“ಹೊಸಾ ಮನಿಗೆ ಅವರು ಬರೂದಿಲ್ಲೇನು?”

“ಬರದ ಎಲ್ಲಿ ಹೋಗ್ತಾಳ್ರಿ? ಅಕಿ ಇಲ್ಲಂದ್ರ ಮನಿ ನಡೀಬೇಕಲ್ಲ?”

“ಹಂಗಾರ ಇದರಾಗ ಎಲ್ಲಿ ಅದಾರ, ತೋರಸ್ರಿ.”

ಕಾಗದ ಕಸಿದುಕೊಂಡು ಹುಡುಕಿದೆ. ನನ್ನದೇ ಅಕ್ಷರ, ದುಂಡಗೆ, ಒಂದೂ ಒತ್ತು ತಪ್ಪಿರಲಿಲ್ಲ. ಅತ್ತೆ ಇರಲಿಲ್ಲ. ಆಗ ನನಗೆ ಬಂದದ್ದು ನಾಚಿಕೆಯಲ್ಲ, ಸಿಟ್ಟು. ಪರವೂರಿನವನು ನಮ್ಮ ಮನೆಯ ಪಡಸಾಲೆಯಲ್ಲಿ ಕೂತು ಹೀಗೆ ಕೇಳಬಹುದೆ? “ಅವರು ಪಂಕ್ತಿಗೆ ಕೂಡೂದಿಲ್ರಿ,” ಎಂದು ತಿಳಿಸಿ ಹೇಳತೊಡಗಿದೆ. “ನಮ್ಮಲ್ಲಿ ಪದ್ಧತಿ ಹಂಗ. ಮಡಿ ಹೆಂಗಸು. ಎಲ್ಲಾರದೂ ಆದಮ್ಯಾಲ ಒಂದ ಹೊತ್ತು, ಒಬ್ಬರ, ಅಲ್ಲೇ ಒಲಿ ಮುಂದ... ಎಲಿ ಹಾಕೂದಿಲ್ಲ. ಅದಕ್ಕ ಎಲಿ ಲೆಕ್ಕದಾಗ...” ಹೇಳುತ್ತ ಹೇಳುತ್ತ ನನ್ನ ದನಿ ನನಗೇ ಕೇಳಿಸದಂತಾಯಿತು.

ಅವರೇನೂ ಕೂಗಾಡಲಿಲ್ಲ. “ನೀವೆಲ್ಲಾ ಉಂಡು ಹೊರಗ ಹೋಗೋರು. ದಿನಾ ಪೂರ್ತಿ ಮನ್ಯಾಗ ಇರೋರು ಅವರೊಬ್ಬರ,” ಎಂದರು. “ಮಾಸ್ತರ, ನಾ ಮನಿ ಯಾರಿಗೆ ಕಟ್ಟೂದು?”

ಒಳಗೆ ಭಕ್ರಿಯ ಸಪ್ಪಳ ನಿಂತಿತ್ತು.

ಇಮಾಮಸಾಹೇಬರು ಒಳಬಾಗಿಲಿನ ಕಡೆ ಮುಖ ಮಾಡಿ, ತುಸು ಗಟ್ಟಿಯಾಗಿ, “ಅವ್ವಾರ, ಅಡಗಿಮನಿ ಹೆಂಗ ಬೇಕ್ರಿ?” ಎಂದು ಕೇಳಿದರು.

ಉತ್ತರ ನನಗೆ ಬಂತು. ಪರಗಂಡಸರ ಜೊತೆ ಆಕೆ ಮಾತಾಡುವವಳಲ್ಲ. “ಅವರಿಗೆ ಹೇಳಪಾ, ಒಂದು ಕಿಟಕಿ ಬೇಕಂತ.”

“ಕಿಟಕಿ ಬೇಕಂತರಿ,” ಎಂದು ನಾನು ದಡ್ಡನ ಹಾಗೆ, ಅವರು ಕೇಳಿಸಿಕೊಂಡದ್ದನ್ನೇ ಹೇಳಿದೆ.

“ಹಿತ್ತಲ ಕಡೆ ಇಡೂಣು. ಒಲಿ ಮುಂದ ಕೂತಾಗ ಕಣ್ಣು ಎಷ್ಟು ಎತ್ತರಕ್ಕ ಬರತಾವ, ಅದರ ಅಳತಿ ಬೇಕು.”

“ಹಿತ್ತಲಕ್ಕ ಬ್ಯಾಡ ಅಂತ ಹೇಳು. ಬೀದಿಗೆ.”

ಅಪ್ಪ ಕೂತಲ್ಲಿಂದ ಎದ್ದೇ ಬಿಟ್ಟರು. “ಅಕ್ಕಾ! ಬುದ್ಧಿ ಅದ ಏನು? ಬೀದಿಗೆ ಅಡಗಿಮನಿ? ಹೋಗೋರು ಬರೋರೆಲ್ಲಾ ಒಲಿಯೊಳಗ ಇಣಿಕಿ ನೋಡ್ತಾರ. ನೈವೇದ್ಯದ ಅಡಗಿ ಮ್ಯಾಲ ಕಂಡೋರ ಕಣ್ಣು! ಊರಾಗಿನ ಮಂಗ್ಯಾ ಒಂದೂ ಹೊರಗ ಉಳಿಯೂದಿಲ್ಲ!”

ನಾನೂ ಅಪ್ಪನ ಜೊತೆ ದನಿಗೂಡಿಸಿದೆ. ಹೌದು, ಕೂಡಿಸಿದೆ. ‘ಛಲೋ ಅಡಗಿಮನಿ’ ಎಂದು ಮಾತು ಕೊಟ್ಟವನು, ಬೇವಿನ ಮರದ ಕೆಳಗೆ ಆಕೆಯ ನಗು ಕೇಳಿದವನು, ಮನೆತನದ ಮರ್ಯಾದೆ ಎಂದು ಬೀದಿಗೆ ಕೇಳುವಷ್ಟು ಕೂಗಿದೆ. ಅದನ್ನು ನೆನೆದರೆ ಈಗಲೂ ನನ್ನ ಕಪಾಳಕ್ಕೆ ನಾನೇ ಹೊಡೆದುಕೊಳ್ಳಬೇಕೆನಿಸುತ್ತದೆ. ಜನ್ಮವಿಡೀ ಕಂಡಕಂಡವರ ಮೇಲೆ ಸಿಟ್ಟು ಮಾಡಿದ್ದೇನೆ. ಅಂದು ಯಾರ ಮೇಲೆ ಮಾಡಬೇಕಿತ್ತೋ ಅವನ ಮೇಲೆ ಮಾಡಲಿಲ್ಲ.

ನಾವಿಬ್ಬರೂ ಉಸಿರು ಎಳೆದುಕೊಳ್ಳಲು ನಿಂತಾಗ, ಒಳಗಿಂದ ಅದೇ ಮೆಲ್ಲನೆಯ ದನಿ ಬಂತು. “ಅವರಿಗೆ ಸುತಳಿ ಕೊಡ್ರಿ ಅಂತ ಹೇಳು. ಅಳತಿ ಕೇಳಿದ್ರಲ್ಲ.”

ಇಮಾಮಸಾಹೇಬರು ಉಂಡೆಯಿಂದ ಒಂದು ಮಾರು ಸುತಳಿ ಕತ್ತರಿಸಿ ಕೊಟ್ಟರು. ನಾನು ಒಯ್ದು ಹೊಸ್ತಿಲ ಮೇಲಿಟ್ಟು ದೂರ ಸರಿದೆ. ಅತ್ತೆ ತಂಬಿಗೆಯಿಂದ ಅದರ ಮೇಲೆ ನೀರು ಹಾಕಿ, ಶುದ್ಧ ಮಾಡಿಕೊಂಡು, ಒಳಗೆ ಎಳೆದುಕೊಂಡಳು. ಸ್ವಲ್ಪ ಹೊತ್ತಿಗೆ ಒದ್ದೆ ಸುತಳಿ ಹೊಸ್ತಿಲಿನ ಈಚೆ ಬಂದು ಬಿತ್ತು. ಅದರಲ್ಲೊಂದು ಗಂಟು.

“ಒಣಗೂದರಾಗ ಅಳೀಬೇಕು, ಒಣಗಿದ್ರ ಅಳತಿ ತಪ್ಪತೈತಿ,” ಎನ್ನುತ್ತ ಇಮಾಮಸಾಹೇಬರು ಎದ್ದು, ಸುತಳಿಯ ತುದಿಯನ್ನು ಕಾಲಿನಿಂದ ನೆಲಕ್ಕೆ ಒತ್ತಿ, ಗೋಡೆಗೆ ಹಿಡಿದು ನೋಡಿದರು. ಗಂಟು ಅವರ ಎದೆಗಿಂತ ಮೇಲೆ ಬಂತು.

“ನೋಡ್ರಿ, ತಪ್ಪೇ ಆತು!” ಎಂದೆ ನಾನು. “ಕೂತ ಅಳತಿ ಕೇಳಿದ್ರ ನಿಂತ ಅಳತಿ ಕೊಟ್ಟಾಳ. ಅಕಿಗೆ ಇದೆಲ್ಲಾ ತಿಳಿಯೂದಿಲ್ರಿ. ಅತ್ತಿ, ಕೂತು ಅಳೀಬೇಕು, ಕೂತು!”

“ಕೂತೂ ಕೂತೂ ಸಾಕಾಗೇದ,” ಎಂದಳು ಅತ್ತೆ. ಈ ಸಲ ದನಿ ನನ್ನ ಕಡೆ ಇರಲಿಲ್ಲ, ನೇರವಾಗಿ ಬಾಗಿಲ ಕಡೆ ಇತ್ತು. “ಗಂಟು ನನ್ನ ಗದ್ದದ ಮಟ್ಟಕ್ಕ ಅದ. ಕಿಟಕಿ ಅಲ್ಲಿಂದ ಮ್ಯಾಲೆ ಇರಲಿ, ಸರಳ ಹಾಕಸ್ರಿ. ಮನಿ ಪಾಯಾ ಬೀದಿಗಿಂತ ಮೂರು ಪಾವಟಿಗಿ ಎತ್ತರ ಇರತದ. ಬೀದ್ಯಾಗ ನಿಂತೋರಿಗೆ ನನ್ನ ಒಲಿ ಕಾಣೂದಿಲ್ಲ. ನಾ ಎದ್ದು ನಿಂತ್ರ ನನಗ ಬೀದಿ ಕಾಣತದ.”

ಅಪ್ಪ ಎದ್ದವರು ಮತ್ತೆ ಕೂತರು. ಮಡಿ, ಮರ್ಯಾದೆ, ಮಂಗ, ಎಲ್ಲಕ್ಕೂ ಆಕೆ ಒಂದೇ ಗಂಟಿನಲ್ಲಿ ಉತ್ತರ ಕೊಟ್ಟಾಗಿತ್ತು. ನಾವು ಕೂಗಾಡುತ್ತಿದ್ದಷ್ಟು ಹೊತ್ತೂ ಆಕೆ ಒಳಗೆ ಕತ್ತಲಲ್ಲಿ ಕೂತು ಮನೆ ಕಟ್ಟುತ್ತಿದ್ದಳು.

ಇಮಾಮಸಾಹೇಬರು ಆ ಗಂಟನ್ನೇ ನೋಡುತ್ತ, “ಇದು ನನಗ ಹೊಳೀಲಿಲ್ಲ,” ಎಂದರು. ಫೂಟುಪಟ್ಟಿಯಿಂದ ಅಳೆದು ಬರೆದುಕೊಂಡು, ಸುತಳಿಯನ್ನು ನನ್ನ ಕೈಗಿಟ್ಟರು. “ಇಟಗೋರಿ. ಗೌಂಡಿ ತನಗ ತಿಳಿದಂಗ ಕಿಟಕಿ ಇಡಾಕ ಬಂದ್ರ ಇದನ್ನ ತೋಯಿಸಿ ಹಿಡದ ತೋರಸ್ರಿ. ನಾ ನಿಮ್ಮ ಕೆಲಸ ಹಿಡೀತೇನಿ.” ನನ್ನ ಪಟ್ಟಿಯನ್ನೂ ಮರಳಿ ಕೊಟ್ಟರು. ಅದು ಅವರಿಗೆ ಇನ್ನು ಬೇಕಾಗಿರಲಿಲ್ಲ. ನಾನು ಅವರನ್ನು ಗೊತ್ತು ಮಾಡಿದ್ದು ಹೀಗೆ.

ಮನೆ ಎದ್ದಿತು. ಅಪ್ಪನಿಗೆ ಕಟ್ಟೆ, ತಮ್ಮನಿಗೆ ಮಹಡಿ, ಆಕಳಿಗೆ ಗಾಳಿ, ಎಲ್ಲ ಬಂತು. ನನ್ನ ಗಾಜಿನ ಕಿಟಕಿಯನ್ನು ಮೊದಲನೆಯ ವಾರವೇ ಮಂಗ ಒಡೆಯಿತು.

ಗೃಹಪ್ರವೇಶದ ಗದ್ದಲ ಮುಗಿದು ನೆಂಟರು ಹೋದ ಮರುದಿನ, ಹೊಸ ಮನೆಯಲ್ಲಿ ನಾವೇ ನಾವಾಗಿ ಮೊದಲ ಊಟಕ್ಕೆ ಕೂತೆವು. ಎಲೆ ಹಾಕಿಯಾಗಿತ್ತು, ನೀರು ಇಟ್ಟಾಗಿತ್ತು. ಬಡಿಸಲು ಮಾತ್ರ ಯಾರೂ ಬರಲಿಲ್ಲ. ಮಕ್ಕಳು ಉಪ್ಪು ನೆಕ್ಕತೊಡಗಿದರು. ಅಪ್ಪ ಎರಡು ಸಲ ಕೆಮ್ಮಿದರು. ನನಗೆ ಸಿಟ್ಟು ನೆತ್ತಿಗೇರಿತು. ಹನ್ನೊಂದು ಜನ ಹಸಿದು ಕೂತಿದ್ದಾರೆ, ಒಳಗೇನು ನಡೆದಿದೆ? ಎದ್ದವನೇ ದಡದಡ ಹೋಗಿ, ಬೈಯಲು ಬಾಯಿ ತೆರೆದು, ಅಡಿಗೆಮನೆಯ ಬಾಗಿಲಲ್ಲಿ ನಿಂತೆ.

ಅನ್ನ ಬಸಿದಾಗಿತ್ತು. ಸಾರು ಇಳಿಸಿಯಾಗಿತ್ತು. ಗೋದತ್ತೆ ಬೆನ್ನು ಈಕಡೆ ಮಾಡಿ, ಸರಳು ಹಿಡಿದು, ಕಿಟಕಿಯ ಮುಂದೆ ನಿಂತಿದ್ದಳು. ಸೌಟು ಕೈಯಲ್ಲೇ ಇತ್ತು. ಹೊರಗೆ ಯಾರದೋ ಗಾಡಿ ಹೋಗುತ್ತಿತ್ತು.

ನಾನು ಬಾಯಿ ಮುಚ್ಚಿಕೊಂಡು ಮರಳಿ ಬಂದು ನನ್ನ ಎಲೆಯ ಮುಂದೆ ಕೂತೆ.

“ಏನಾತಂತ?” ಎಂದರು ಅಪ್ಪ.

“ಇನ್ನೂ ಸ್ವಲ್ಪ ತಡಾ ಅದ,” ಎಂದೆ.

ಹನ್ನೊಂದು ಎಲೆಗಳ ಮುಂದೆ ನಾವು ಹನ್ನೊಂದು ಜನ ಕಾಯುತ್ತ ಕೂತೆವು.